ವೈದ್ಯಕೀಯ ಪದವನ್ನು ಬಾಲದಿಂದ ಬಿಡಿಸಿ

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗಿಗೆ ಸೇರಿದವರು, ಲ್ಯಾಬಿಗೋ ವಾರ್ಡಿಗೋ ಹೊಸದಾಗಿ ಬಂದವರು ಮೊದಲು ಮಾಡುವ ತಪ್ಪು ಒಂದೇ: ನೋಟ್‌ಬುಕ್ಕಿನಲ್ಲಿ ಎ-ಯಿಂದ ಝಡ್‌ವರೆಗೆ ವೈದ್ಯಕೀಯ ಪದಗಳ ಪಟ್ಟಿ ಬರೆದು ಉರುಹೊಡೆಯುವುದು. ಬಿ ಮುಗಿಯುವಷ್ಟರಲ್ಲಿ ಎ ಮರೆತಿರುತ್ತದೆ. ಈ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ತುಂಡುಗಳ ಸಮಾಸಗಳು. ಹೈಸ್ಕೂಲಿನಲ್ಲಿ ವಿಗ್ರಹವಾಕ್ಯ ಬರೆದವರಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ.

ಹಂತ 1: ಬಾಲ ಹಿಡಿಯಿರಿ
‘ತಲೆನೋವು’ ಎಂದಾಗ ಮುಖ್ಯವಾದದ್ದು ನೋವು, ತಲೆ ಅದರ ಜಾಗ. ಇಲ್ಲೂ ಹಾಗೆಯೇ. ಪೆರಿಕಾರ್ಡೈಟಿಸ್ ತೆಗೆದುಕೊಳ್ಳಿ. ಕೊನೆಯ ‘ಐಟಿಸ್’ ಉರಿಯೂತ, ಮೊದಲಿನ ‘ಪೆರಿ’ ಸುತ್ತ, ನಡುವಿನ ‘ಕಾರ್ಡಿ’ ಹೃದಯ. ಒಟ್ಟಿನಲ್ಲಿ ಹೃದಯದ ಸುತ್ತಲಿನ ಪೊರೆಯ ಉರಿಯೂತ. ಬಾಲ, ತಲೆ, ಆಮೇಲೆ ನಡು: ಇದೇ ಕ್ರಮ.

ಹಂತ 2: ಮೂವತ್ತು ಅಂಗಗಳ ಹೆಸರು
ಗ್ಯಾಸ್ಟ್ರ್ ಜಠರ, ಹೆಪಟ್ ಯಕೃತ್ತು, ಎಂಟರ್ ಕರುಳು, ಆಸ್ಟಿ ಮೂಳೆ, ಆರ್ಥ್ರ್ ಕೀಲು. ಹೀಗೆ ಸುಮಾರು ಮೂವತ್ತು ಮೊದಲಿಗೆ ಸಾಕು. ಕೆಲವು ಅಂಗಗಳಿಗೆ ಎರಡು ಹೆಸರು. ಮೂತ್ರಪಿಂಡಕ್ಕೆ ಗ್ರೀಕಿನ ‘ನೆಫ್ರ್’, ಲ್ಯಾಟಿನ್ನಿನ ‘ರೆನ್’. ನೆಫ್ರಾಲಜಿ, ರೀನಲ್ ಎರಡೂ ಒಂದೇ ಅಂಗದ ಮಾತು. ನೋಟ್‌ಬುಕ್ಕನ್ನು ಅಕ್ಷರಮಾಲೆಯಂತೆ ಜೋಡಿಸದೆ ಅಂಗಗಳಂತೆ ಜೋಡಿಸಿ.

ಹಂತ 3: ನಡುವಿನ ‘ಓ’
ತುಂಡುಗಳನ್ನು ಜೋಡಿಸಲು ನಡುವೆ ‘ಓ’ ಬರುತ್ತದೆ, ಮುಂದೆ ಸ್ವರವಿದ್ದರೆ ಅದು ಬಿಟ್ಟುಹೋಗುತ್ತದೆ. ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ, ಗ್ಯಾಸ್ಟ್ರೋ, ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್. ನಮ್ಮ ಲೋಪಸಂಧಿಯೇ. ಮುಂದೆ ವ್ಯಂಜನವಿದ್ದರೆ ಗ್ಯಾಸ್ಟ್ರೋಸ್ಕೋಪಿಯಲ್ಲಿರುವಂತೆ ‘ಓ’ ಉಳಿಯುತ್ತದೆ. ಎರಡು ಅಂಗಗಳು ಕೂಡಿದಾಗ, ಮುಂದೆ ಸ್ವರವಿದ್ದರೂ ಉಳಿಯುತ್ತದೆ: ಗ್ಯಾಸ್ಟ್ರೋಎಂಟರೈಟಿಸ್.

ಹಂತ 4: ಕಿವಿ ಮೋಸಹೋಗುವ ಜೋಡಿಗಳು
ಎಡವುವುದೆಲ್ಲ ಇಲ್ಲೇ. ಮೂರನೇ ಹಂತದವರೆಗಿನದು ವಾರದ ಕೆಲಸವಾದರೆ ಇದಕ್ಕೆ ತಿಂಗಳು ಕೊಡಿ.

ಕೊಲೆಕ್ಟಮಿ, ಕೊಲಾಟಮಿ, ಕೊಲಾಸ್ಟಮಿ ಮೂರೂ ದೊಡ್ಡ ಕರುಳಿನ ಆಪರೇಷನ್‌ಗಳೇ. ‘ಟಮಿ’ ಎಂದರೆ ಕೊಯ್ದು ತೆರೆಯುವುದು. ಅದಕ್ಕೆ ‘ಹೊರಗೆ’ ಎಂಬ ಅರ್ಥದ ‘ಎಕ್’ ಸೇರಿದರೆ ಎಕ್ಟಮಿ, ಅಂದರೆ ಕೊಯ್ದು ತೆಗೆಯುವುದು. ‘ಸ್ಟೋಮಾ’ ಗ್ರೀಕಿನಲ್ಲಿ ಬಾಯಿ; ಹಾಗಾಗಿ ಸ್ಟಮಿ ಎಂದರೆ ಹೊಸ ಬಾಯಿ ಮಾಡುವುದು. ಕೊಲಾಸ್ಟಮಿ ಆದವರ ಹೊಟ್ಟೆಯ ಮೇಲೆ ಚೀಲ ಇರುತ್ತದೆ, ಅದರ ಸುತ್ತಲಿನ ಚರ್ಮ ನೋಡಿಕೊಳ್ಳಬೇಕು. ಆ ಒಂದು ‘ಸ್’ ಕೇಳಿಸಿಕೊಳ್ಳದಿದ್ದರೆ ಬೆಡ್ಡಿನ ಪಕ್ಕ ಚೀಲವೇ ಸಿದ್ಧವಿರುವುದಿಲ್ಲ.

‘ಹೈಪೋ’ (ಕಡಿಮೆ), ‘ಹೈಪರ್’ (ಹೆಚ್ಚು) ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಹೈಪೋಗ್ಲೈಸೀಮಿಯಾ ಎಂದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ, ಬೇಕಾದದ್ದು ಗ್ಲೂಕೋಸ್. ಹೈಪರ್ ಎಂದುಕೊಂಡು ಇನ್ಸುಲಿನ್ ಹಾಕಿದರೆ ಪ್ರಾಣಕ್ಕೇ ಕುತ್ತು. ಪಾಳಿ ಬದಲಾಗುವಾಗ ಪದದ ಜೊತೆ ಸಂಖ್ಯೆಯನ್ನೂ ಹೇಳಿ: ‘ಶುಗರ್ 58, ಕಡಿಮೆ.’

ಡಿಸ್ಫೇಜಿಯಾ ನುಂಗುವ ತೊಂದರೆ, ಡಿಸ್ಫೇಸಿಯಾ ಮಾತಿನ ತೊಂದರೆ. ಮೊದಲನೆಯವರಿಗೆ ಎರಡನೆಯದೆಂದು ತಿಳಿದು ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಯುರೇಟರ್ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ. ಯುರೆಥ್ರಾ ಅಲ್ಲಿಂದ ಹೊರಕ್ಕೆ. ಮೂತ್ರ ತೆಗೆಯುವ ಕೊಳವೆ, ಅಂದರೆ ಕ್ಯಾಥೆಟರ್, ಹಾಕುವುದು ಯುರೆಥ್ರಾದಲ್ಲಿ. ‘ಆಂಟಿನೇಟಲ್’ನ ಆಂಟಿ ‘ಮುಂಚೆ’, ‘ಆಂಟಿಬಯೋಟಿಕ್’ನ ಆಂಟಿ ‘ವಿರುದ್ಧ’. ಇಂಗ್ಲಿಷ್ ಕಾಗುಣಿತ ಬೇರೆ, ನಮ್ಮ ಬಾಯಲ್ಲಿ ಒಂದೇ.

ಇದಕ್ಕೇ ಪದಗಳನ್ನು ಕನ್ನಡ ಅಕ್ಷರದಲ್ಲಷ್ಟೇ ಬರೆದುಕೊಳ್ಳಬೇಡಿ. ‘ಇಲಿಯಮ್’ ಎಂದು ಬರೆದರೆ ಕರುಳೋ ಮೂಳೆಯೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಮೂರನೇ ಅಕ್ಷರ ‘ಇ’ ಆದರೆ ಸಣ್ಣ ಕರುಳಿನ ಕೊನೆಯ ಭಾಗ, ‘ಐ’ ಆದರೆ ಸೊಂಟದ ಮೂಳೆ. ಕನ್ನಡದಲ್ಲಿ ಉಚ್ಚಾರ ಮಾತ್ರ ಕೊಡುವ ‘ವಾರದಲ್ಲಿ ಸಾವಿರ ಪದ’ ಥರದ ಪುಸ್ತಿಕೆಗಳಿಗೆ ದುಡ್ಡು ಹಾಕಬೇಡಿ. ಮೊಬೈಲ್ ಆ್ಯಪ್‌ಗಳು ಪರವಾಗಿಲ್ಲ, ಆದರೆ ಹಲವು ಅಮೆರಿಕದ ಕಾಗುಣಿತದವು. ಊತಕ್ಕೆ ಅವರು ‘ಎಡಿಮಾ’ ಎಂದು ಇ-ಯಿಂದ ಶುರುಮಾಡುತ್ತಾರೆ, ಬ್ರಿಟಿಷ್ ಪುಸ್ತಕದಲ್ಲಿ ಅದೇ ಪದವನ್ನು ಓ ಅಕ್ಷರದಲ್ಲಿ ಹುಡುಕಬೇಕು.

ಹಂತ 5: ಚೀಟಿಯ ಸಂಕ್ಷೇಪಗಳು
ಓಡಿ ದಿನಕ್ಕೊಂದು ಸಲ, ಬಿಡಿ ಎರಡು ಸಲ (ಔಷಧ ಬಿಡಿ ಎಂದಲ್ಲ), ಟಿಡಿಎಸ್ ಮೂರು, ಕ್ಯೂಐಡಿ ನಾಲ್ಕು. ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕೆನಿಸಿದರೆ ಮಾತ್ರ, ಸ್ಟಾಟ್ ಈಗಿಂದೀಗಲೇ, ಎಸಿ ಊಟಕ್ಕೆ ಮೊದಲು, ಪಿಸಿ ಊಟದ ನಂತರ. ಕಣ್ಣಿನ ವಿಭಾಗದಲ್ಲಿ ಓಡಿ ಎಂದರೆ ಬಲಗಣ್ಣು, ಅಲ್ಲಿಗೆ ಡ್ಯೂಟಿ ಬಿದ್ದ ದಿನವೇ ಕೇಳಿಕೊಳ್ಳಿ.

ನೀವೇ ಬರೆಯುವಾಗ ಇನ್ಸುಲಿನ್ 10 ಯೂನಿಟ್ಟಿಗೆ ‘ಯು’ ಅಕ್ಷರ ಹಾಕಬೇಡಿ, 100 ಎಂದು ಓದಿಸಿಕೊಳ್ಳುತ್ತದೆ. ಯೂನಿಟ್ ಎಂದು ಪೂರ್ತಿ ಬರೆಯಿರಿ. ಅರ್ಧ ಮಿಲಿಗ್ರಾಂ ಆದರೆ ಚುಕ್ಕಿಯ ಹಿಂದೆ ಸೊನ್ನೆ ಇರಲೇಬೇಕು, 0.5. ಐದು ಮಿಲಿಗ್ರಾಂ ಆದರೆ ಬರೀ 5. ಅದನ್ನು 5.0 ಎಂದು ಬರೆದು, ಚುಕ್ಕಿ ಮಾಸಿದರೆ 50 ಆಗುತ್ತದೆ. ಚೀಟಿ ಓದಲಾಗದಿದ್ದರೆ ಬರೆದವರಿಗೇ ಫೋನ್ ಮಾಡಿ, ಪಕ್ಕದ ಬೆಡ್ಡಿನ ಚೀಟಿ ನೋಡಿ ಊಹಿಸಬೇಡಿ.