ಹೊಗೆ ಕಪ್ಪಾದರೆ ಫೈರ್‌ಮನ್‌ಗೆ ಬೈಗುಳ

ಉಗಿ ಎಂಜಿನ್ ಫೋಟೋ ಅಂದ್ರೆ ಈಗಿನವರಿಗೆ ಹೊಗೆ ಇರಬೇಕು. ಕಪ್ಪಗೆ, ದಪ್ಪಗೆ, ಮುಗಿಲಿಗೆ ಹೋಗ್ತಿರಬೇಕು. ನಮ್ಮ ಕಾಲದಲ್ಲಿ ಹಾಗೆ ಹೊಗೆ ಎದ್ದರೆ ಡ್ರೈವರ್ ಸಾಹೇಬರು ತಿರುಗಿ ನೋಡೋರು. "ಏನೋ ಅದು, ಇಟ್ಟಿಗೆ ಗೂಡು ಸುಡ್ತಿದ್ದೀಯಾ?" ಅಂತ ಒಂದು ಮಾತು ಬಿದ್ದೇ ಬೀಳೋದು. ಕಪ್ಪು ಹೊಗೆ ಅಂದ್ರೆ ಉರಿಯದೆ ಚಿಮಣಿಯಿಂದ ಆಚೆ ಹೋದ ಕಲ್ಲಿದ್ದಲು, ಅಷ್ಟೇ. ತೆಳ್ಳಗೆ, ಬೂದು ಬಣ್ಣದಲ್ಲಿ, ಇದೆಯೋ ಇಲ್ಲವೋ ಅನ್ನೋ ಹಾಗೆ ಹೊಗೆ ಬಂದರೆ ಒಳಗೆ ಬೆಂಕಿ ಸರಿಯಾಗಿದೆ ಅಂತ ಲೆಕ್ಕ.

ನಾನು ಮೀಟರ್ ಗೇಜ್‌ನಲ್ಲಿ ಫೈರ್‌ಮನ್, ಅಂದ್ರೆ ಎಂಜಿನ್ನಿಗೆ ಬೆಂಕಿ ಹಾಕೋನು, ಆಗಿದ್ದವನು. ಶುರು ಮಾಡಿದ್ದು ಕ್ಲೀನರ್ ಆಗಿ. ಎಂಜಿನ್ನಿನ ಚಕ್ರ, ರಾಡು ಎಲ್ಲ ಎಣ್ಣೆಬಟ್ಟೆಯಲ್ಲಿ ಒರೆಸೋದು, ಚಿಮಣಿ ಕೆಳಗಿನ ಸ್ಮೋಕ್‌ಬಾಕ್ಸ್‌ನಲ್ಲಿ ಕೂತ ಕರಿಪುಡಿ ಎಳೆದು ಹಾಕೋದು, ಬೂದಿಗುಂಡಿ ಖಾಲಿ ಮಾಡೋದು. ಆಮೇಲೆ ಸೆಕೆಂಡ್ ಫೈರ್‌ಮನ್. ಅವನ ಕೆಲಸ ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರೋ ಟೆಂಡರ್‌ನಲ್ಲಿ ಕಲ್ಲಿದ್ದಲು ಒಡೆದು ಮುಂದೆ ತಳ್ಳೋದು. ತಲೆ ಗಾತ್ರದ ಗಡ್ಡೆಯನ್ನು ಹಾಗೇ ಬೆಂಕಿಗೆ ಹಾಕಿದರೆ ಹೊರಮೈ ಮಾತ್ರ ಉರಿದು ಒಳಗೆ ಹಸಿ ಉಳಿಯುತ್ತೆ, ಅದಕ್ಕೆ ಮುಷ್ಟಿ ಗಾತ್ರಕ್ಕೆ ಒಡೀಬೇಕು, ಒಡೆದ ಪುಡಿ ಕಣ್ಣಿಗೆ ಹಾರದ ಹಾಗೆ ನೀರು ಚಿಮುಕಿಸಬೇಕು. ಇಷ್ಟೆಲ್ಲ ಆದ ಮೇಲೆ ಸಲಿಕೆ ಕೈಗೆ ಸಿಗೋದು.

ಬೆಂಕಿ ಹಾಕೋದು ಅಂದ್ರೆ ಸುಮ್ನೆ ಮೊಗೆದು ಎಸೆಯೋದಲ್ಲ. ನಮ್ಮ ಮೀಟರ್ ಗೇಜ್‌ನ ವೈಪಿ ಅನ್ನೋ ಮಾದರಿ ಎಂಜಿನ್ನಿನ ಬೆಂಕಿಯ ಹಾಸು ಸುಮಾರು 28 ಚದರ ಅಡಿ, ಒಂದು ಸಣ್ಣ ಬಚ್ಚಲಿನ ನೆಲದಷ್ಟು. ಗೋಡೆ ಪಕ್ಕ ಮತ್ತೆ ಬಾಗಿಲಿನ ಕೆಳಗಿನ ಎರಡು ಮೂಲೆ ಸ್ವಲ್ಪ ದಪ್ಪ ಇರಬೇಕು, ನಡುವೆ ಮತ್ತು ಮುಂದೆ ತೆಳ್ಳಗೆ. ಮುಂದಿನದು ತಾನೇ ನೋಡಿಕೊಳ್ಳುತ್ತೆ, ಎಂಜಿನ್ ಕುಲುಕಾಟಕ್ಕೆ ಕಲ್ಲಿದ್ದಲು ಜಾರಿ ಹೋಗುತ್ತೆ. ಒಂದು ಸಲಿಕೆ ಎಡಗಡೆ ಮೂಲೆಗೆ, ಬಾಗಿಲು ಮುಚ್ಚು. ಒಂದು ಬಲಗಡೆಗೆ, ಮುಚ್ಚು. ಬಾಗಿಲು ತೆಗೆದೇ ಇಟ್ಟರೆ ತಣ್ಣನೆ ಗಾಳಿ ನುಗ್ಗಿ, ಬಾಯ್ಲರ್ ಒಳಗೆ ಬಿಸಿ ಹೊಗೆ ಹಾಯೋ ಟ್ಯೂಬುಗಳ ತುದಿ ಸೋರೋಕೆ ಶುರು. ಹಾಕಿದ ಮೇಲೆ ಚಿಮಣಿ ನೋಡು: ಹೊಗೆ ಕಪ್ಪಾಗಿ ಎದ್ದು, ಬೂದು ಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ ಹಾಕು. ಸ್ವಲ್ಪ ಸ್ವಲ್ಪ, ಆಗಾಗ. ಒಂದೇ ಸಲ ಹನ್ನೆರಡು ಸಲಿಕೆ ತುಂಬಿ ಬೀಡಿ ಹಚ್ಚಿ ಕೂರೋರೂ ಇದ್ದರು, ಅವರ ಜೊತೆ ಹೋದ ಡ್ರೈವರ್ ಏರಿನಲ್ಲಿ ಸ್ಟೀಮ್ ಇಲ್ಲದೆ ನಿಂತು ಮೈ ಪರಚಿಕೊಳ್ಳೋರು.

ನಮ್ಮ ಕಡೆ ರೈಲಿನ ಕಥೆ ಹೇಳ್ಬೇಕಾದ್ರೆ, ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಮೈಸೂರು ಸಂಸ್ಥಾನದ ಕಾಲ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟೋಕೆ ಮತ್ತೆ ಸುಮಾರು ನಲವತ್ತು ವರ್ಷ ಹಿಡಿಯಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ದಾರಿ ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಹಳಿಗಳ ನಡುವಿನ ಅಂತರ ಒಂದೇ ಮೀಟರ್, ಆದ್ರೆ ಜೋಗಕ್ಕೆ ಹೋಗೋ ಜನ, ಅಡಿಕೆ, ಮರ ಎಲ್ಲ ಅದರಲ್ಲೇ.

ಮಲೆನಾಡಿನ ಮಳೆಯಲ್ಲಿ ಎಂಜಿನ್ ಓಡಿಸೋದು ಬೇರೆಯದೇ ವಿದ್ಯೆ. ಬಯಲುಸೀಮೆಯಿಂದ ಬಂದ ಡ್ರೈವರುಗಳು ಆಷಾಢದಲ್ಲಿ ಇಲ್ಲಿ ಒಂದು ವಾರ ಕೆಲಸ ಮಾಡಿದರೆ ಸುಸ್ತು. ಜೋರು ಮಳೆ ತೊಂದರೆಯಲ್ಲ, ಅದು ಹಳಿ ತೊಳೆದುಬಿಡುತ್ತೆ. ಜಿಟಿಜಿಟಿ ಮಳೆ, ಮೇಲೆ ಉದುರಿದ ಎಲೆ, ಎರಡೂ ಸೇರಿ ಚಕ್ರದಡಿ ಅರೆದು ಲೋಳೆ ಆಗುತ್ತಲ್ಲ, ಅದು ತೊಂದರೆ. ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತೆ. ಹಾಗೆ ಸುತ್ತಿದಾಗ ಚಿಮಣಿಯಲ್ಲಿ ಒಂದೇ ಉಸಿರಿಗೆ ಎಳೆತ ಜಾಸ್ತಿಯಾಗಿ, ನಾನು ಅರ್ಧ ಗಂಟೆಯಿಂದ ಕಟ್ಟಿದ ಬೆಂಕಿ ಕಿತ್ತು ಟ್ಯೂಬಿನೊಳಗೆ ಹೋಗಿ, ಹಾಸಿನಲ್ಲಿ ತೂತು ಬಿದ್ದಿರೋದು. ಡ್ರೈವರ್ ಸಿಲಿಂಡರಿಗೆ ಉಗಿ ಬಿಡೋ ರೆಗ್ಯುಲೇಟರ್ ಮುಚ್ಚಿ, ಹಳಿ ಮೇಲೆ ಮರಳು ಬಿಟ್ಟು, ಮತ್ತೆ ಮೆಲ್ಲಗೆ ತೆಗೆಯೋರು. ಆ ಮರಳು ಒಣಗಿರಬೇಕು, ಒದ್ದೆಯಾದರೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತೆ. ಅದಕ್ಕೇ ಶೆಡ್‌ನಲ್ಲಿ ಮರಳನ್ನು ಬೆಂಕಿ ಮೇಲೆ ಹುರಿದು, ಜರಡಿ ಹಿಡಿದು ಇಡ್ತಿದ್ದರು. ಮಳೆಗಾಲದಲ್ಲಿ ಅಲ್ಲಿಗಿಂತ ಬೆಚ್ಚಗಿನ ಜಾಗ ಇಡೀ ಯಾರ್ಡ್‌ನಲ್ಲಿ ಇರಲಿಲ್ಲ, ಚಳಿ ಹಿಡಿದವರೆಲ್ಲ ಅಲ್ಲೇ.

ಬೆಂಕಿಗಿಂತ ಹೆಚ್ಚು ಭಯ ನೀರಿನದು. ಬೆಂಕಿ ಕೆಟ್ಟರೆ ರೈಲು ನಿಲ್ಲುತ್ತೆ, ಬೈಗುಳ ತಿಂದರಾಯ್ತು. ನೀರು ಕೆಟ್ಟರೆ ಜೀವ ಹೋಗುತ್ತೆ. ಬೆಂಕಿಗೂಡಿನ ಮೇಲ್ಛಾವಣಿ ಉಕ್ಕಿನ ತಗಡು, ಅದರ ಮೇಲೆ ಯಾವಾಗ್ಲೂ ನೀರು ನಿಂತಿರಬೇಕು. ಇಲ್ಲದಿದ್ರೆ ಅದು ಕೆಂಪಗೆ ಕಾದು, ಮೆತ್ತಗಾಗಿ, ಉಗಿಯ ಒತ್ತಡಕ್ಕೆ ಕೆಳಗೆ ಬಗ್ಗುತ್ತೆ. ಒತ್ತಡ ಅಂದ್ರೆ ಚದರ ಇಂಚಿಗೆ 210 ಪೌಂಡ್. ನೀರಿನ ಮಟ್ಟ ತೋರಿಸೋದು ಕ್ಯಾಬಿನಲ್ಲಿರೋ ಗೇಜ್ ಗ್ಲಾಸ್. ಈಗ ಏರುಪೇರಿನ ದಾರಿಯಲ್ಲಿ ಅದು ಹೇಳೋದನ್ನ ಹಾಗೇ ನಂಬೋ ಹಾಗಿಲ್ಲ. ಎಂಜಿನ್ ಮುಖ ಮೇಲೆ ಮಾಡಿ ಏರುತ್ತಿರುವಾಗ ಬಾಯ್ಲರಿನ ನೀರೆಲ್ಲ ಹಿಂದಕ್ಕೆ, ಅಂದ್ರೆ ನಮ್ಮ ಕಡೆಗೆ ಬರುತ್ತೆ. ಗ್ಲಾಸ್‌ನಲ್ಲಿ ಮುಕ್ಕಾಲು ಕಾಣುತ್ತೆ. ಅದೇ ನೆತ್ತಿ ದಾಟಿ ಇಳುಕಲು ಶುರುವಾದ ಕೂಡಲೇ ನೀರು ಮುಂದಕ್ಕೆ ಓಡಿ, ಗ್ಲಾಸ್ ತಳ ಕಾಣುತ್ತೆ. ಅದಕ್ಕೆ ನೆತ್ತಿ ಬರೋಕೆ ಮುಂಚೆಯೇ ಬಾಯ್ಲರಿಗೆ ನೀರು ನೂಕೋ ಇಂಜೆಕ್ಟರ್ ಹಚ್ಚಿ ನೀರು ತುಂಬಿಕೋಬೇಕು. ಆದ್ರೆ ಏರಿನಲ್ಲಿ ತಣ್ಣೀರು ಒಳಗೆ ಬಿಟ್ಟರೆ ಸ್ಟೀಮ್ ಇಳಿಯುತ್ತೆ, ಡ್ರೈವರ್‌ಗೆ ಆಗ್ಲೇ ಸ್ಟೀಮ್ ಬೇಕಾಗಿರೋದು. ಇಬ್ಬರ ನಡುವಿನ ಜಗಳ ಪೂರ್ತಿ ಇದೇ. ತೀರಾ ನೀರು ಇಳಿದರೆ ಛಾವಣಿಯಲ್ಲಿರೋ ಲೆಡ್ ಪ್ಲಗ್, ಅಂದ್ರೆ ಸೀಸದ ಬಿರಡೆ, ಕರಗಿ ಉಗಿ ಬೆಂಕಿ ಮೇಲೆ ಸುರಿಯುತ್ತೆ. ಪ್ಲಗ್ ಹೋಯ್ತು ಅಂದ್ರೆ ವಿಚಾರಣೆ ಗ್ಯಾರಂಟಿ.

ಇಳುಕಲಿನಲ್ಲಿ ರೆಗ್ಯುಲೇಟರ್ ಮುಚ್ಚೋಕೆ ಮುಂಚೆ ಚಿಮಣಿಗೆ ಉಗಿ ಊದಿ ಎಳೆತ ಕೊಡೋ ಬ್ಲೋಯರ್ ತೆಗೀಬೇಕು, ಮರೆತರೆ ಬೆಂಕಿ ಬಾಗಿಲಿನಿಂದ ನಾಲಿಗೆ ಚಾಚಿ ಕ್ಯಾಬಿಗೆ ಬರುತ್ತೆ. ಇದನ್ನ ಯಾರೂ ಎರಡು ಸಲ ಹೇಳಿಸಿಕೊಳ್ಳಲ್ಲ.

ಆಮೇಲೆ ಉಗಿ ಹೋಯಿತು. ತಾಳಗುಪ್ಪ ದಾರಿಯಲ್ಲಿ ರೈಲ್ ಬಸ್ ಓಡಾಡಿತು. ನಂತರ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದರು, 2011ರಲ್ಲಿ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು. ಈಗ ಬೆಂಗಳೂರಲ್ಲಿ ಹತ್ತಿ ತಾಳಗುಪ್ಪದಲ್ಲಿ ಇಳೀಬಹುದು, ಒಳ್ಳೆಯದೇ ಆಯ್ತು. ಶಂಕರ್ ನಾಗ್ ಅವರ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿದ್ದ ಅರಸಾಳಿನ ಹಳೇ ಸ್ಟೇಷನ್ ಕಟ್ಟಡವನ್ನ ಮ್ಯೂಸಿಯಂ ಮಾಡಿದ್ದಾರೆ, ಮೀಟರ್ ಗೇಜ್ ಬೋಗಿಯನ್ನೂ ಇಟ್ಟಿದ್ದಾರೆ. ಚೆನ್ನಾಗಿದೆ, ಹೋಗಿ ಬನ್ನಿ. ಎಂಜಿನ್ ನೋಡ್ಬೇಕಾದ್ರೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ.

ಉಗಿಯಲ್ಲಿ ಓಡೋ ಮೀಟರ್ ಗೇಜ್ ರೈಲು ಬೇಕಾದ್ರೆ ನೀಲಗಿರಿಗೆ ಹೋಗಬೇಕು. ನಾನೂ ಹೋಗಿದ್ದೆ. ಮೇಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಕಲ್ಲಾರ್ ದಾಟಿದ ಮೇಲೆ ಹಳಿ ನಡುವೆ ಹಲ್ಲಿನ ಪಟ್ಟಿ ಶುರು, ಹನ್ನೆರಡು ಅಡಿ ಹೋದರೆ ಒಂದಡಿ ಏರು. ಎಂಜಿನ್ ಮುಂದೆ ಇರಲ್ಲ, ಹಿಂದಿನಿಂದ ತಳ್ಳುತ್ತೆ, ಪ್ರತಿ ಬೋಗಿ ಮೇಲೂ ಒಬ್ಬ ಬ್ರೇಕ್ಸ್‌ಮನ್. ಕೂನೂರಿನ ತನಕ ಉಗಿ, ಮುಂದಕ್ಕೆ ಡೀಸೆಲ್. ನಾನು ಹೋದಾಗ ಇದ್ದದ್ದು ಎಣ್ಣೆ ಉರಿಸೋ ಎಂಜಿನ್. ಸಲಿಕೆಯಿಲ್ಲ, ವಾಲ್ವ್ ತಿರುಗಿಸೋದು. ಫೈರ್‌ಮನ್ ಹುಡುಗನ ಕಣ್ಣು ಮಾತ್ರ ಗೇಜ್ ಗ್ಲಾಸ್ ಬಿಟ್ಟು ಕದಲಲಿಲ್ಲ. ಅದು ಸರಿ ಅನ್ನಿಸ್ತು.

"ತಾಳಗುಪ್ಪಕ್ಕೂ ಒಂದು ಉಗಿ ರೈಲು ಬಿಡ್ಲಿ, ಟೂರಿಸ್ಟ್ ಬರ್ತಾರೆ" ಅಂತ ನಮ್ಮ ಸಾಗರದ ನೆಂಟರೆಲ್ಲ ಹೇಳ್ತಾರೆ. ಆಸೆ ನನಗೂ ಇದೆ. ಆದ್ರೆ ಮೀಟರ್ ಗೇಜ್ ಹಳಿಯೇ ಇಲ್ಲ, ಆ ಎಂಜಿನ್‌ಗಳನ್ನ ಎಲ್ಲಿ ಓಡಿಸೋದು? ಬ್ರಾಡ್ ಗೇಜ್ ಎಂಜಿನ್ ತಂದರೂ ದಾರಿಯಲ್ಲಿ ನೀರಿನ ಕಂಬ ಬೇಕು, ಬೂದಿಗುಂಡಿ ಬೇಕು, ಬಾಯ್ಲರ್ ತೊಳೆಯೋಕೆ ಶೆಡ್ ಬೇಕು. ತಣ್ಣಗಿರೋ ಎಂಜಿನ್ನಿಗೆ ಸ್ಟೀಮ್ ಏರೋಕೆ ಗಂಟೆಗಟ್ಟಲೆ ಬೇಕು, ಅಂದ್ರೆ ಬೆಳಗಿನ ರೈಲಿಗೆ ಯಾರೋ ಒಬ್ಬ ರಾತ್ರಿಯೇ ಬಂದು ಸೌದೆ, ಎಣ್ಣೆಬಟ್ಟೆ ಇಟ್ಟು ಬೆಂಕಿ ಹಚ್ಚಬೇಕು. ದುಡ್ಡು ಹೇಗೋ ಹುಟ್ಟಬಹುದು. ಆ ರಾತ್ರಿ ಪಾಳಿಗೆ ಬರೋ ಹುಡುಗರನ್ನ ಮೊದಲು ಹುಡುಕಿ, ಕಲಿಸೋಕೆ ನಾವು ಕೆಲವರು ಇನ್ನೂ ಇದ್ದೀವಿ.