ಗುಲಾಮರ ಹಡಗನ್ನು ತರಗತಿಯ ನೆಲದ ಮೇಲೆ ಬಿಡಿಸಿ: ಹೈಸ್ಕೂಲು ಶಿಕ್ಷಕರಿಗೆ ಎರಡು ಪೀರಿಯಡ್ಡಿನ ಪಾಠ

ಆಫ್ರಿಕದ ಜನರನ್ನು ಅಟ್ಲಾಂಟಿಕ್ ಸಾಗರ ದಾಟಿಸಿ ಅಮೆರಿಕ ಖಂಡಗಳಲ್ಲಿ ಮಾರಿದ ಗುಲಾಮ ವ್ಯಾಪಾರದ ಪಾಠ ಇದು. ಬೇಕಾಗುವುದು ಒಂದು ಅಳತೆ ಟೇಪು, ಎರಡು ಬಣ್ಣದ ಸೀಮೆಸುಣ್ಣ, ಪ್ರಪಂಚದ ಭೂಪಟ, ಖಾಲಿ ಮಾಡಿದ ಒಂದು ಕೊಠಡಿ. ಬೆಂಚುಗಳನ್ನು ಹಿಂದಿನ ಸಂಜೆಯೇ ವರಾಂಡಕ್ಕೆ ಹಾಕಿಸಿಬಿಡಿ. ಗಂಟೆ ಹೊಡೆದ ಮೇಲೆ ಎಳೆಯಲು ಹೊರಟರೆ ಅರ್ಧ ಪೀರಿಯಡ್ಡು ಅದಕ್ಕೇ ಹೋಯಿತು ಅಂತಲೇ ಲೆಕ್ಕ.

ಪಾಠವನ್ನು ಹಡಗಿನಿಂದ ಶುರು ಮಾಡಬೇಡಿ, ಸಕ್ಕರೆಯಿಂದ ಶುರು ಮಾಡಿ. ಹರಿಹರ, ದಾವಣಗೆರೆ ತಾಲ್ಲೂಕಿನ ಹಳ್ಳಿ ಮಕ್ಕಳಿಗೆ ಕಬ್ಬು ಗೊತ್ತು. ಕಡಿದದ್ದನ್ನು ಬೇಗ ಅರೆಯದಿದ್ದರೆ ಇಳುವರಿ ಕೆಡುತ್ತದೆ ಅನ್ನುವುದನ್ನು ಅವರೇ ಹೇಳುತ್ತಾರೆ. ಜಮೈಕಾ, ಬ್ರೆಜಿಲ್‌ಗಳಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿದ್ದದ್ದು ಇದೇ ಕಾರಣಕ್ಕೆ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಕೈ ಉರುಳೆಗೆ ಸಿಕ್ಕಿಕೊಂಡರೆ ತೋಳು ಕಡಿಯಲೆಂದು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು. ಆಲೆಮನೆ ಕಂಡ ಮಕ್ಕಳಿಗೆ ಕೊಪ್ಪರಿಗೆಯ ಶಾಖವನ್ನು ವಿವರಿಸಬೇಕಾಗಿಲ್ಲ. ಈ ತೋಟಗಳಲ್ಲಿ ಹುಟ್ಟಿಗಿಂತ ಸಾವು ಹೆಚ್ಚು. ಸತ್ತವರ ಜಾಗಕ್ಕೆ ಹೊಸಬರನ್ನು ಕೊಳ್ಳುತ್ತಲೇ ಇರಬೇಕಿತ್ತು. ಇಷ್ಟು ತಲೆಗೆ ಹೋದರೆ ವ್ಯಾಪಾರ ಮುನ್ನೂರು ವರ್ಷಕ್ಕೂ ಮಿಕ್ಕಿ ಯಾಕೆ ನಡೆಯಿತು ಅನ್ನುವುದು ತಾನಾಗಿ ತಿಳಿಯುತ್ತದೆ.

ಆಮೇಲೆ ಭೂಪಟ. ಇಂಗ್ಲೆಂಡಿನ ಲಿವರ್‌ಪೂಲ್, ಫ್ರಾನ್ಸಿನ ನಾಂಟ್ ಬಂದರುಗಳಿಂದ ಬಟ್ಟೆ, ಕೋವಿ, ಮದ್ದು, ಬ್ರಾಂದಿ, ಕಬ್ಬಿಣದ ಪಟ್ಟಿ ಪಶ್ಚಿಮ ಆಫ್ರಿಕಕ್ಕೆ. ಅಲ್ಲಿಂದ ಮನುಷ್ಯರು ಅಮೆರಿಕ ಖಂಡಗಳಿಗೆ. ಅಲ್ಲಿಂದ ಸಕ್ಕರೆ ಯೂರೋಪಿಗೆ. ಕೋರಮಂಡಲ ಕರಾವಳಿಗೂ ಮಾಲ್ಡೀವ್ಸ್‌ಗೂ ಒಂದೊಂದು ಗುರುತು ಹಾಕಿ: ಆ ಬಟ್ಟೆಯಲ್ಲಿ ದೊಡ್ಡ ಪಾಲು ಭಾರತದ ಹತ್ತಿಯದು, ಹಣವಾಗಿ ಎಣಿಸಿಕೊಡುತ್ತಿದ್ದ ಕವಡೆ ಮಾಲ್ಡೀವ್ಸಿನದು. ಹತ್ತಿ ಮಿಲ್ಲಿನಿಂದ ಹೆಸರಾದ ಊರಿನ ಮಕ್ಕಳು ಇಲ್ಲಿ ಕಿವಿ ನಿಮಿರಿಸುತ್ತಾರೆ. ಆದರೆ ತ್ರಿಕೋನ ಬಿಡಿಸಿ ಕೈ ತೊಳೆದುಕೊಳ್ಳಬೇಡಿ. ಬ್ರೆಜಿಲ್‌ನ ಹಡಗುಗಳು ಯೂರೋಪನ್ನು ಮುಟ್ಟದೆಯೇ ಅಂಗೋಲಕ್ಕೆ ನೇರ ಹೋಗಿಬರುತ್ತಿದ್ದವು. ಬ್ರೆಜಿಲ್‌ನಲ್ಲಿ ಇಳಿದವರು ಸುಮಾರು 48 ಲಕ್ಷ, ಉತ್ತರ ಅಮೆರಿಕದ ನೆಲಕ್ಕೆ ನೇರ ಬಂದವರು 4 ಲಕ್ಷಕ್ಕಿಂತ ಕಮ್ಮಿ. ಸಿನಿಮಾ ನೋಡಿದ ಮಕ್ಕಳು ಇದನ್ನು ತಿರುಗಮುರುಗ ಹೇಳುತ್ತಾರೆ.

‘ಹಿಡಿದವರು ಯಾರು ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಜಾರಿಕೊಳ್ಳಬೇಡಿ. ಯೂರೋಪಿನವರು ಹೆಚ್ಚಾಗಿ ಕರಾವಳಿಯಲ್ಲೇ ಇದ್ದರು. ಯುದ್ಧದಲ್ಲಿ ಸೆರೆಸಿಕ್ಕವರನ್ನು, ಅಪಹರಿಸಿದವರನ್ನು ತಂದು ಮಾರಿದ್ದು ಪಶ್ಚಿಮ ಆಫ್ರಿಕದ ದಹೋಮಿಯಂಥ ರಾಜ್ಯಗಳು ಮತ್ತು ಅಲ್ಲಿನ ದಲ್ಲಾಳಿಗಳು. ಕೊಳ್ಳುವವರು ತಂದ ಕೋವಿಗಳು ಆ ಯುದ್ಧಗಳಿಗೆ ಇನ್ನಷ್ಟು ತುಪ್ಪ ಸುರಿದವು.

ಈಗ ನೆಲ. 1788ರಲ್ಲಿ ಅಚ್ಚಾದ, ಗುಲಾಮರನ್ನು ಸಾಗಿಸುತ್ತಿದ್ದ ‘ಬ್ರೂಕ್ಸ್’ ಹಡಗಿನ ನಕ್ಷೆಯಲ್ಲಿ ಒಬ್ಬ ಗಂಡಸಿಗೆ ಕೊಟ್ಟ ಜಾಗ 6 ಅಡಿ ಉದ್ದ, 1 ಅಡಿ 4 ಇಂಚು ಅಗಲ. ಎಂಟು ಚದರಡಿ. 20 ಅಡಿಗೆ 20 ಅಡಿಯ ಕೊಠಡಿಯಲ್ಲಿ, ಬರೀ ಚದರಡಿಯ ಲೆಕ್ಕದಲ್ಲಿ, ಇಂಥ 50 ಪಟ್ಟಿ ಬೀಳುತ್ತವೆ, ನಡೆದಾಡಲು ಒಂದು ಹೆಜ್ಜೆ ಜಾಗವೂ ಇಲ್ಲದೆ. ಎಲ್ಲ ಎಳೆಯಬೇಕಿಲ್ಲ, ಒಂದು ಸಾಲು ಸಾಕು, ಉಳಿದದ್ದನ್ನು ಮಕ್ಕಳೇ ಲೆಕ್ಕ ಹಾಕಲಿ. ಬಳಿಕ ಗೋಡೆಯ ಮೇಲೆ 2 ಅಡಿ 7 ಇಂಚಿಗೆ ಒಂದು ಗೆರೆ: ಪಕ್ಕಗಳಲ್ಲಿ ಅಟ್ಟ ಹಾಕಿದ ಮೇಲೆ ಉಳಿಯುತ್ತಿದ್ದ ಎತ್ತರ ಅಷ್ಟೇ. ಎದ್ದು ಕೂರಲೂ ಆಗದು. ಇಬ್ಬಿಬ್ಬರಿಗೆ ಸೇರಿಸಿ ಬೇಡಿ, ಕೆಳಗೆ ರಕ್ತಭೇದಿ, ಆರು ವಾರದಿಂದ ಎರಡು-ಮೂರು ತಿಂಗಳ ಪಯಣ. ನಕ್ಷೆಯಲ್ಲಿರುವುದು 454 ಜನ. ಅದಕ್ಕೆ ಹಿಂದೆ ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ತುಂಬಿದ್ದಿತ್ತು.

ಮಕ್ಕಳನ್ನು ಆ ಪಟ್ಟಿಯಲ್ಲಿ ಮಲಗಿಸಬೇಡಿ. ಹರಾಜಿನ ನಾಟಕವಂತೂ ಬೇಡವೇ ಬೇಡ. ಹಿಂದಿನ ಬೆಂಚಿನಿಂದ ನಗು ಏಳುತ್ತದೆ, ‘ಗುಲಾಮ’ನಾದ ಹುಡುಗನಿಗೆ ಅದೇ ಅಡ್ಡಹೆಸರಾಗಿ ಅಂಟುತ್ತದೆ. ಆ ಹುಡುಗ ಯಾವ ಕೇರಿಯವನು ಅನ್ನುವುದೂ ನಮ್ಮ ಊರುಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡನೇ ಪೀರಿಯಡ್ಡಿಗೆ ಲೆಕ್ಕದ ಪುಸ್ತಕ. ಹಡಗು ಹತ್ತಿಸಿದವರು ಅಂದಾಜು 1 ಕೋಟಿ 25 ಲಕ್ಷ, ದಡ ಸೇರಿದವರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷವನ್ನು 2011ರ ಜನಗಣತಿಯಲ್ಲಿ ಇಡೀ ದಾವಣಗೆರೆ ಜಿಲ್ಲೆಗಿದ್ದ ಸುಮಾರು 19.5 ಲಕ್ಷದ ಪಕ್ಕದಲ್ಲಿ ಬರೆಯಿರಿ. ಕರಾವಳಿಗೆ ನಡೆಸಿಕೊಂಡು ಬರುವಾಗ ಸತ್ತವರು ಈ ಲೆಕ್ಕದಲ್ಲಿಲ್ಲ. ಆಮೇಲೆ 1781ರ ‘ಝಾಂಗ್’ ಹಡಗು: ಕುಡಿಯುವ ನೀರು ಸಾಲದೆಂದು ಸುಮಾರು 130 ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು, ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದದ್ದು ವಿಮೆಯ ತಕರಾರು. ಕೊಲೆಯ ಆರೋಪ ಯಾರ ಮೇಲೂ ಹೊರಿಸಲಿಲ್ಲ.

ಬರೀ ಅಂಕಿ ಹೇಳಿದರೆ ಮಕ್ಕಳು ಅಂಕಿಯನ್ನೇ ಉರು ಹೊಡೆಯುತ್ತಾರೆ. ಗುಲಾಮನಾಗಿದ್ದ ಒಲೌಡಾ ಎಕ್ವಿಯಾನೊನ ಹೆಸರು ಬೋರ್ಡಿನ ಮೇಲೆ ಬರೆಯಿರಿ. ಧಣಿ ಇಟ್ಟ ‘ಗುಸ್ತಾವಸ್ ವಾಸಾ’ ಎಂಬ ಹೆಸರಿಗೆ ಓಗೊಡದಿದ್ದಕ್ಕೆ ಏಟು ತಿಂದದ್ದನ್ನು ಅವನು 1789ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹಡಗುಗಳಲ್ಲಿ ದಂಗೆಗಳೂ ಆದವು. ಹೈಟಿಯಲ್ಲಿ 1791ರಲ್ಲಿ ಎದ್ದವರು 1804ಕ್ಕೆ ಸ್ವತಂತ್ರ ದೇಶವನ್ನೇ ಕಟ್ಟಿದರು. ಇದನ್ನು ಬಿಟ್ಟರೆ ಪಾಠ ಕುಂಟುತ್ತದೆ.

ಎರಡು ಗೊಂದಲ ಖಂಡಿತ ಎದುರಾಗುತ್ತವೆ. ಜೀತವೂ ಇದೇ ತಾನೆ ಅನ್ನುತ್ತಾರೆ. ಜೀತದ ಮೂಲ ಸಾಲ; ಅಟ್ಲಾಂಟಿಕ್ ಗುಲಾಮಗಿರಿಯಲ್ಲಿ ಮನುಷ್ಯನೇ ಆಸ್ತಿ, ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಧಣಿಯದೇ. ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಹೀಗೇ ಬಂದವರಾ ಎಂದೂ ಕೇಳುತ್ತಾರೆ. ಆಫ್ರಿಕ ಮೂಲದ ಅವರ ಹಿರಿಯರು ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ, ಅದು ಬೇರೆ ಪಾಠ.

ಇಸವಿಗಳಲ್ಲಿ ಎಡವುವುದು ಮಾಮೂಲು. 1807ರಲ್ಲಿ ಬ್ರಿಟನ್ ನಿಷೇಧಿಸಿದ್ದು ವ್ಯಾಪಾರವನ್ನು ಮಾತ್ರ. ಗುಲಾಮಗಿರಿ ರದ್ದತಿಯ ಕಾಯ್ದೆ ಬಂದದ್ದು 1833ರಲ್ಲಿ, ಬ್ರೆಜಿಲ್‌ನಲ್ಲಿ 1888ರಲ್ಲಿ. 1833ರ ಕಾಯ್ದೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ ಅಂತ ಮಕ್ಕಳನ್ನೇ ಕೇಳಿ; ಹೆಚ್ಚಿನವರು ‘ಗುಲಾಮರಿಗೆ’ ಅನ್ನುತ್ತಾರೆ. ಕೊಟ್ಟದ್ದು ಮಾಲೀಕರಿಗೆ. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ.