ಟಿವಿ ನೋಡುತ್ತಾ ಮಾತು ಕಲಿಯಲಿ: ಸದ್ದು, ಅಕ್ಷರ ಕಲಿಸುವ ಸರಣಿಯನ್ನು ಮಗುವಿಗೆ ತೋರಿಸುವುದು ಹೇಗೆ?

ಪುಟ್ಟ ಮಕ್ಕಳಿಗೆ ಸದ್ದು, ಪ್ರಾಸ, ಅಕ್ಷರ, ಪದ ಕಲಿಸುವ ಟಿವಿ ಸರಣಿಗಳಿಗೆ ಈಗ ಬರವಿಲ್ಲ. ಹಾಕಿ ಕೂರಿಸಿದರೆ ಮಗು ಅಲುಗಾಡದೆ ನೋಡುತ್ತದೆ. ಆದರೆ ನೋಡುವುದು ಬೇರೆ, ಕಲಿಯುವುದು ಬೇರೆ. ಸರಣಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಬೇಕಾದರೆ ಪರದೆ ನೋಡಬೇಡಿ, ಮಗುವಿನ ಮುಖ ನೋಡಿ. ಟಿವಿ ಓಡುತ್ತಿರುವಾಗ ಅದರ ಬಾಯಿಂದ ಏನಾದರೂ ಹೊರಟಿತಾ? ಹೊರಟಿದ್ದಕ್ಕೆ ಪಕ್ಕದಲ್ಲಿದ್ದವರು ಯಾರಾದರೂ ಓಗೊಟ್ಟರಾ? ಇವೆರಡೂ ಆದರೆ ಅರ್ಧ ಗಂಟೆಯ ಸರಣಿಯಿಂದ ತುಂಬಾ ಸಿಗುತ್ತದೆ. ಆಗದಿದ್ದರೆ ಎಷ್ಟೇ ಒಳ್ಳೆಯ ಸರಣಿಯಾದರೂ ಅದು ಬರೀ ಬಣ್ಣ, ಬರೀ ಸದ್ದು.

ಮೊದಲು ವಯಸ್ಸು ನೋಡಿ

ಎರಡು ವರ್ಷದೊಳಗಿನ ಮಗುವಿಗೆ ಇದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಇದನ್ನೇ: ಒಂದು ವರ್ಷದ ಮಗುವಿಗೂ ಕೂತು ಪರದೆ ನೋಡುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಇದು ಸುಮ್ನೆ ಹೆದರಿಸಲು ಹೇಳಿದ ಮಾತಲ್ಲ. ಎಳೆ ಕೂಸುಗಳ ಕಿವಿ ಅದ್ಭುತವಾದದ್ದು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಸಂಶೋಧಕರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಬೇರೆ ಅಂತ ಗುರುತಿಸಿದವು, ಆದರೆ ವರ್ಷ ತುಂಬುವ ಹೊತ್ತಿಗೆ ಅದು ಹೆಚ್ಚು ಕಡಿಮೆ ಮಾಯವಾಗಿತ್ತು, ಯಾಕೆಂದರೆ ಸುತ್ತ ಯಾರೂ ಆ ವ್ಯತ್ಯಾಸ ಬಳಸುತ್ತಿರಲಿಲ್ಲ. 2003ರಲ್ಲಿ ಅಮೆರಿಕದ ಪೆಟ್ರಿಷಿಯಾ ಕೂಲ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನ ಎದುರು ಚೀನಾದ ಮ್ಯಾಂಡರಿನ್ ಭಾಷೆಯವರು ಕೂತು ಆಟವಾಡಿಸಿದರು, ಕತೆ ಓದಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಎದುರಿಗೆ ಕೂತವರಿಂದ ಕೂಸುಗಳು ಆ ಭಾಷೆಯ ಸದ್ದು ಕಲಿತವು. ಟಿವಿ ನೋಡಿದವು ಏನೂ ಕಲಿಯಲಿಲ್ಲ.

ಎರಡೂವರೆ, ಮೂರು ವರ್ಷ ದಾಟಿದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಆಗ ಒಳ್ಳೆಯ ಸರಣಿಯಿಂದ ಮಕ್ಕಳು ನಿಜವಾಗಿ ಕಲಿಯುತ್ತಾರೆ. ಆಗಲೂ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು.

ಸರಣಿ ಆರಿಸುವಾಗ

ಮಗುವಿಗೆ ತೋರಿಸುವ ಮೊದಲು ಒಂದು ಕಂತನ್ನು ನೀವೊಬ್ಬರೇ ನೋಡಿ. ಮಾತಾಡುವವರ ಮುಖ ಹತ್ತಿರದಿಂದ ಕಾಣುತ್ತದಾ? ತುಟಿ, ಹಲ್ಲು, ನಾಲಿಗೆ ಕಂಡರೆ ಮಗು ಅದನ್ನು ನೋಡಿ ನಕಲು ಮಾಡುತ್ತದೆ. ಬರೀ ಕಾರ್ಟೂನ್ ಬಾಯಿ ಪಟಪಟ ಬಡಿದುಕೊಂಡರೆ ಅದರಿಂದ ಸದ್ದು ಹೇಗೆ ಹುಟ್ಟುತ್ತದೆ ಅಂತ ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರಾ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಾತಿನ ಮೇಲೆ ಸಂಗೀತ ಜೋರಾಗಿ ಹರಿದರೆ, ದೃಶ್ಯ ಕ್ಷಣಕ್ಕೊಂದು ಬದಲಾದರೆ ಆ ಸರಣಿ ಬಿಡಿ.

ಒಳ್ಳೆಯ ಮಾದರಿಗಳು ಹಳೆಯವೇ ಇವೆ. 1969ರಲ್ಲಿ ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಎಂಬ ಪುಟ್ಟ ಮಕ್ಕಳ ಸರಣಿ ಶುರು ಮಾಡಿದ ತಂಡವೇ 1971ರಲ್ಲಿ ದಿ ಎಲೆಕ್ಟ್ರಿಕ್ ಕಂಪನಿ ಎಂಬ ಸರಣಿ ತಂದಿತು, ಸ್ವಲ್ಪ ದೊಡ್ಡ ಮಕ್ಕಳಿಗೆ ಓದಲು ಕಲಿಸಲು. ಅದರಲ್ಲಿ ಎದುರುಬದುರಾಗಿ ಎರಡು ಮುಖಗಳ ನೆರಳು. ಒಂದು ಬಾಯಿಂದ ಪದದ ಮೊದಲ ಸದ್ದು ಅಕ್ಷರವಾಗಿ ಹೊರಬರುತ್ತದೆ, ಇನ್ನೊಂದು ಬಾಯಿಂದ ಉಳಿದ ಸದ್ದು, ಆಮೇಲೆ ಇಬ್ಬರೂ ಸೇರಿ ಇಡೀ ಪದ ಹೇಳುತ್ತಾರೆ. ಅಷ್ಟೇ. ಎರಡು ಸದ್ದು ಕೂಡಿ ಪದ ಆಗುವುದನ್ನು ಕಣ್ಣಿಗೆ ಕಾಣುವ ಹಾಗೆ ಇದಕ್ಕಿಂತ ಸರಳವಾಗಿ ತೋರಿಸಿದ್ದನ್ನು ನಾನು ನೋಡಿಲ್ಲ. 2010ರಲ್ಲಿ ಬಿಬಿಸಿಯ ಮಕ್ಕಳ ವಾಹಿನಿಯಲ್ಲಿ ಬಂದ ಆಲ್ಫಾಬ್ಲಾಕ್ಸ್‌ನಲ್ಲೂ ಇದೇ ಉಪಾಯ: ಅಕ್ಷರದ ಗೊಂಬೆಗಳು ಕೈ ಕೈ ಹಿಡಿದು ತಮ್ಮ ತಮ್ಮ ಸದ್ದು ಹೇಳಿದರೆ ಪದ ಆಗುತ್ತದೆ, ಆ ಪದದ ವಸ್ತುವೇ ಎದುರಿಗೆ ಬರುತ್ತದೆ.

ಒಂದೇ ಕಂತು, ಮತ್ತೆ ಮತ್ತೆ

ದೊಡ್ಡವರಿಗೆ ಬೇಜಾರು, ಮಕ್ಕಳಿಗೆ ಅಲ್ಲ. 1996ರಲ್ಲಿ ಬಂದ ಬ್ಲೂಸ್ ಕ್ಲೂಸ್ ಸರಣಿಯ ತಂಡ ಒಂದೇ ಕಂತನ್ನು ವಾರದ ಐದು ದಿನವೂ ಪ್ರಸಾರ ಮಾಡಿತು. ಮಕ್ಕಳು ಬೇಸರ ಪಡಲಿಲ್ಲ, ಬದಲಿಗೆ ದಿನ ಕಳೆದಂತೆ ಪರದೆಗೆ ಜಾಸ್ತಿ ಉತ್ತರ ಕೊಡತೊಡಗಿದರು. ಮೊದಲ ಸಲ ಕತೆ ಅರ್ಥ ಮಾಡಿಕೊಳ್ಳುವುದರಲ್ಲೇ ಮಗುವಿನ ಗಮನವೆಲ್ಲ ಹೋಗುತ್ತದೆ. ಕತೆ ಗೊತ್ತಾದ ಮೇಲೆ ಕಿವಿ ಸದ್ದಿನ ಕಡೆ ತಿರುಗುತ್ತದೆ. ಹಾಗಾಗಿ ವಾರಕ್ಕೆ ಒಂದು ಕಂತು ಸಾಕು. ಇವತ್ತು ಒಂದು, ನಾಳೆ ಇನ್ನೊಂದು ಅಂತ ಓಡಬೇಡಿ.

ನೋಡುವಾಗ ನೀವು ಮಾಡಬೇಕಾದದ್ದು

ಪಕ್ಕದಲ್ಲಿ ಕೂತುಕೊಳ್ಳಿ, ಫೋನ್ ದೂರ ಇಡಿ. ಟಿವಿಯ ಸದ್ದು ನೀವಿಬ್ಬರೂ ಮಾಮೂಲಿ ದನಿಯಲ್ಲಿ ಮಾತಾಡಲು ಆಗುವಷ್ಟಿರಲಿ. ಪರದೆಯಲ್ಲಿ ಪ್ರಶ್ನೆ ಬಂದಾಗ ತಕ್ಷಣ ಉತ್ತರ ಹೇಳಿಬಿಡುವ ಆಸೆ ನಮಗೆಲ್ಲ ಇರುತ್ತದೆ, ಅದನ್ನು ತಡೆದುಕೊಳ್ಳಿ. ಪಾಜ್ ಒತ್ತಿ ನಿಲ್ಲಿಸಿ, ಮನಸ್ಸಿನಲ್ಲೇ ಐದು ಎಣಿಸಿ. ಮೂರು ವರ್ಷದ ಮಗುವಿಗೆ ಪದ ಹುಡುಕಿ ಬಾಯಿಗೆ ತರಲು ಸಮಯ ಬೇಕು.

ಮಗು ತಪ್ಪು ಹೇಳಿದರೆ? 'ಲೈಲು ಬಂತು' ಅಂದರೆ 'ಹಾಗಲ್ಲ, ರೈಲು ಅನ್ನು' ಅಂತ ಗದರಬೇಡಿ. 'ಹೌದು, ರೈಲು ಬಂತು! ಎಷ್ಟು ಉದ್ದದ ರೈಲು' ಅನ್ನಿ. ಸರಿಯಾದ ಸದ್ದು ಎರಡು ಸಲ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. 'ರ' ಅನ್ನೋದು ನಾಲಿಗೆಗೆ ಕಷ್ಟದ ಕೆಲಸ, ತುಂಬಾ ಮಕ್ಕಳಿಗೆ ಅದು ತಡವಾಗಿಯೇ ಬರುತ್ತದೆ.

ಪ್ರತಿ ನಿಮಿಷಕ್ಕೂ ಪಾಜ್ ಮಾಡಬೇಡಿ, ಮಗುವಿಗೆ ಕಿರಿಕಿರಿಯಾಗುತ್ತದೆ. ಒಂದು ಕಂತಿಗೆ ಎರಡು ಮೂರು ಕಡೆ ನಿಲ್ಲಿಸಿದರೆ ಸಾಕು.

ಸದ್ದನ್ನು ಶುದ್ಧವಾಗಿ ಹೇಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬಹಳ ಜನ ಎಡವುವುದು ಇಲ್ಲೇ. ಇಂಗ್ಲಿಷ್‌ನಲ್ಲಿ ಅಕ್ಷರ 26, ಆದರೆ ಸದ್ದು ಸುಮಾರು 44. ಅಕ್ಷರದ ಹೆಸರು ಬೇರೆ, ಅದರ ಸದ್ದು ಬೇರೆ. 'ಎಸ್' ಅನ್ನೋದು ಹೆಸರು, 'ಸ್ಸ್ಸ್' ಅನ್ನೋದು ಸದ್ದು. ಕನ್ನಡದಲ್ಲಿ ಈ ತಾಪತ್ರಯ ಇಲ್ಲ, 'ಸ' ಅನ್ನುವುದೇ ಅದರ ಹೆಸರೂ ಹೌದು, ಸದ್ದೂ ಹೌದು. ಆದರೆ ಆ 'ಸ'ದ ಬಾಲಕ್ಕೆ ಒಂದು 'ಅ' ಅಂಟಿಕೊಂಡೇ ಇರುತ್ತದೆ. ಕನ್ನಡದ ಮಗು ಇಂಗ್ಲಿಷ್ ಸರಣಿ ನೋಡಿ 'ಬ್ಯಾಟ್' ಪದದ ಸದ್ದು ಬಿಡಿಸುವಾಗ 'ಬ, ಆ್ಯ, ಟ' ಅಂದರೆ ಜೋಡಿಸಿದಾಗ 'ಬ್ಯಾಟ' ಆಗುತ್ತದೆ, ಮಗು ಗೊಂದಲದಿಂದ ನಿಮ್ಮ ಮುಖ ನೋಡುತ್ತದೆ. ಆದ್ದರಿಂದ ಬಾಲ ಕತ್ತರಿಸಿ ಹೇಳಿ: 'ಬ್', 'ಆ್ಯ', 'ಟ್'. ಎಳೆಯಬಹುದಾದ ಸದ್ದುಗಳಿಂದ ಶುರು ಮಾಡಿದರೆ ಸುಲಭ. 'ಮ್ಮ್ಮ್', 'ಸ್ಸ್ಸ್', 'ನ್ನ್ನ್', 'ಲ್ಲ್ಲ್'. ಇವುಗಳನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು, ಮುಂದಿನ ಸದ್ದಿಗೆ ಹಾಗೇ ಜಾರಿಸಬಹುದು. 'ಪ್', 'ಟ್', 'ಕ್' ಎಳೆಯಲು ಬರುವುದಿಲ್ಲ, ಆಮೇಲೆ ನೋಡಿಕೊಳ್ಳಿ.

ಸದ್ದು ಹುಟ್ಟುವ ಜಾಗವನ್ನು ಮುಟ್ಟಿ ತೋರಿಸಿ. ಮಗುವಿನ ಕೈಯನ್ನು ಅದರ ಗಂಟಲ ಮೇಲೆ ಇಡಿಸಿ, ಹಾವಿನ ಹಾಗೆ 'ಸ್ಸ್ಸ್' ಅನ್ನಿಸಿ. ಗಂಟಲು ಸುಮ್ಮನಿದೆ. ಈಗ ದುಂಬಿಯ ಹಾಗೆ 'ಝ್ಝ್ಝ್'. ಗಂಟಲು ಗುಯ್‌ಗುಡುತ್ತದೆ! ಮಕ್ಕಳು ಇದಕ್ಕೆ ಕುಣಿದಾಡುತ್ತಾರೆ. ತುಟಿಯ ಮುಂದೆ ತೆಳ್ಳನೆ ಕಾಗದದ ಚೂರು ಹಿಡಿದು 'ಕ' ಅನ್ನಿ, ಆಮೇಲೆ 'ಖ' ಅನ್ನಿ. ಎರಡನೆಯದಕ್ಕೆ ಕಾಗದ ಹಾರುತ್ತದೆ. ಕನ್ನಡಿಯ ಮುಂದೆ ನಿಂತು 'ಪ', 'ಬ', 'ಮ' ಅನ್ನಿಸಿದರೆ ಮೂರಕ್ಕೂ ತುಟಿ ಮುಚ್ಚುವುದು ಕಾಣುತ್ತದೆ. 'ಮ' ಅನ್ನುವಾಗ ಮೂಗು ಹಿಡಿದರೆ ಏನಾಗುತ್ತದೆ ಅಂತ ಮಗುವೇ ಕಂಡುಹಿಡಿಯಲಿ, ನೀವು ಹೇಳಬೇಡಿ.

ಟಿವಿ ಆಫ್ ಮಾಡಿದ ಮೇಲಿನ ಹತ್ತು ನಿಮಿಷ

ನಿಜವಾದ ಪಾಠ ಇದು. ದೊಡ್ಡ ತುಂಡಿನಿಂದ ಸಣ್ಣ ತುಂಡಿಗೆ ಬನ್ನಿ. ಮೊದಲು ಪ್ರಾಸ: 'ಮರ' ಅಂದರೆ 'ಸರ', 'ಕಣ್ಣು' ಅಂದರೆ 'ಮಣ್ಣು'. ಅರ್ಥವಿಲ್ಲದ ಪದ ಹುಟ್ಟಿಸಿದರೂ ನಡೆಯುತ್ತದೆ, ಅದೂ ಕಿವಿಯ ಕೆಲಸವೇ ಅಲ್ವಾ. ಆಮೇಲೆ ಚಪ್ಪಾಳೆ: 'ಕಾ-ಗೆ' ಎರಡು, 'ಮೊ-ಸ-ಳೆ' ಮೂರು. ಹೆಸರುಗಳಿಗೂ ತಟ್ಟಿಸಿ, ಮನೆಯವರೆಲ್ಲರ ಹೆಸರೂ ಆಗಲಿ.

ನಂತರ ಮೊದಲ ಸದ್ದು. ಕೋಣೆಯಲ್ಲಿ 'ಮ್ಮ್ಮ್' ಅಂತ ಶುರುವಾಗುವುದು ಏನೇನಿದೆ? ಮಗು 'ಮಂಚ' ಅನ್ನುತ್ತದೆ. 'ಮೇಜು' ಅಂತ ತಟ್ಟನೆ ಹೊಳೆಯದಿರಬಹುದು, ಕನ್ನಡದ ಕಿವಿಗೆ 'ಮ' ಬೇರೆ, 'ಮೇ' ಬೇರೆ. ಇದು ಮಗುವಿನ ದಡ್ಡತನ ಅಲ್ಲ. ನಮ್ಮ ಬರಹದಲ್ಲಿ ಒಂದೊಂದು ಅಕ್ಷರವೂ ವ್ಯಂಜನ, ಸ್ವರ ಎರಡೂ ಸೇರಿದ ಇಡೀ ಉಲಿಯನ್ನು ಹಿಡಿದಿಡುತ್ತದೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬಿಡಿ ಬಿಡಿ ಸದ್ದಿನ ಅರಿವು ಮಕ್ಕಳಿಗೆ ನಿಧಾನವಾಗಿ ಬರುವುದು ಕಂಡಿದೆ. ಹಾಗಾಗಿ ಆತುರ ಬೇಡ. 'ಮಂಚ, ಮೇಜು, ಮೂಗು' ಮೂರನ್ನೂ ಹೇಳಿಸಿ, ಮೂರಕ್ಕೂ ತುಟಿ ಮೊದಲು ಮುಚ್ಚುವುದನ್ನು ಬೆರಳಿಟ್ಟು ನೋಡಿಸಿ. ಕಿವಿಗೆ ಸಿಗದ್ದು ತುಟಿಗೆ ಸಿಗುತ್ತದೆ.

ಕೊನೆಗೆ ಜೋಡಿ ಪದಗಳು. 'ಹುಲಿ' ಮತ್ತು 'ಹುಳಿ', 'ಕರು' ಮತ್ತು 'ಕಾರು', 'ಹಾಡು' ಮತ್ತು 'ಆಡು'. ನೀವು ಹೇಳಿ, 'ಹಾಡು' ಅಂದರೆ ಮಗು ಹಾಡಲಿ, 'ಆಡು' ಅಂದರೆ ಕುಣಿಯಲಿ. ಮರುದಿನ ಪಾತ್ರ ಬದಲಿಸಿ: ಮಗು ಹೇಳಲಿ, ನೀವು ಮಾಡಿ. ಅದು 'ಕಾರು' ಅಂದರೆ ಸ್ಟೀರಿಂಗ್ ತಿರುಗಿಸಿ, 'ಕರು' ಅಂದರೆ 'ಅಂಬಾ' ಅನ್ನಿ. ತಾನು ಎಳೆದ ದೀರ್ಘಕ್ಕೆ ದೊಡ್ಡವರು ಬೇರೆಯದೇ ಕುಣಿತ ಕುಣಿಯುತ್ತಾರೆ ಅಂತ ಗೊತ್ತಾದ ಮಗು ದೀರ್ಘವನ್ನು ಎಂದೂ ನುಂಗುವುದಿಲ್ಲ.

ಎರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲ ಆಗುತ್ತದೆ ಅನ್ನುವ ಹೆದರಿಕೆ ಬೇಡ. ಸರಣಿ ಇಂಗ್ಲಿಷ್‌ನಲ್ಲಿದ್ದರೂ ಆಮೇಲಿನ ಮಾತುಕತೆ ಮನೆಮಾತಿನಲ್ಲೇ ಇರಲಿ. ಸದ್ದು ಬಿಡಿಸುವ, ಕೂಡಿಸುವ ಜಾಣ್ಮೆ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ದಾರಿ ಸಲೀಸು.

ಯಾರೂ ನೋಡದ ಟಿವಿ

ಮಗು ಆಡುತ್ತಿದೆ, ಮೂಲೆಯಲ್ಲಿ ಟಿವಿ ತಾನೇ ತಾನಾಗಿ ಓಡುತ್ತಿದೆ. ಇದು ಕೆಟ್ಟದ್ದು. 2009ರಲ್ಲಿ ಅಮೆರಿಕದ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ತಂಡ ಪುಟ್ಟ ಮಕ್ಕಳ ಬಟ್ಟೆಗೆ ಸಣ್ಣ ರೆಕಾರ್ಡರ್ ಸಿಕ್ಕಿಸಿ ದಿನವಿಡೀ ಕಿವಿಗೆ ಬೀಳುವ ಮಾತು ಲೆಕ್ಕ ಹಾಕಿದರು. ಟಿವಿ ಕೇಳಿಸುತ್ತಿದ್ದ ಪ್ರತಿ ಒಂದು ಗಂಟೆಗೆ ದೊಡ್ಡವರಿಂದ ಮಗು ಕೇಳುವ ಪದಗಳು ಸರಾಸರಿ 770ರಷ್ಟು ಕಡಿಮೆ ಇದ್ದವು. ನಮಗೇ ಗೊತ್ತಿಲ್ಲದೆ ನಾವು ಸುಮ್ಮನಾಗಿಬಿಡುತ್ತೇವೆ. ಮಾತು ಕಲಿಸಲಿ ಅಂತ ತಂದ ಸರಣಿ ಮುಗಿದ ಮೇಲೂ ಟಿವಿ ಓಡುತ್ತಿದ್ದರೆ ಅದು ಕೊಟ್ಟಿದ್ದಕ್ಕಿಂತ ಕಸಿದುಕೊಂಡಿದ್ದೇ ಜಾಸ್ತಿ. ಕಂತು ಮುಗಿಯಿತು, ಟಿವಿ ಆರಿತು. ಶುರುವಿನಲ್ಲೇ ಮಗುವಿಗೆ ಹೇಳಿಡಿ, ಮಧ್ಯದಲ್ಲಿ ಕಿತ್ತು ನಿಲ್ಲಿಸಬೇಡಿ. ಮುಂದಿನ ಕಂತು ತಾನಾಗಿ ಶುರುವಾಗುವ ಸೆಟ್ಟಿಂಗ್ ಇದ್ದರೆ ಅದನ್ನು ಇವತ್ತೇ ಆಫ್ ಮಾಡಿ.

ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ?

ಎಷ್ಟು ಸಲ ಹೇಳಿದರೂ ಮಗು ಪರದೆಗೆ ಅಂಟಿಕೊಂಡೇ ಕೂರುತ್ತದಾ, ಸದ್ದು ಜಾಸ್ತಿ ಮಾಡು ಅನ್ನುತ್ತದಾ, ಹಿಂದಿನಿಂದ ಕರೆದರೆ ತಿರುಗುವುದಿಲ್ಲವಾ? ಮೊದಲು ಕಿವಿ ಪರೀಕ್ಷೆ ಮಾಡಿಸಿ. ನೆಗಡಿ, ಕಿವಿ ಸೋಂಕು ಪದೇ ಪದೇ ಆಗುವ ಮಕ್ಕಳ ಕಿವಿಯೊಳಗೆ ನೀರು ನಿಂತು ಸದ್ದುಗಳು ಮಸುಕಾಗಿ ಕೇಳಿಸುವುದುಂಟು, ಮುಖ್ಯವಾಗಿ 'ಸ', 'ಶ', 'ತ' ತರದ ಮೆಲು ಸದ್ದುಗಳು. ಎರಡು ವರ್ಷ ತುಂಬಿದರೂ 'ಅಮ್ಮ ಬಾ' ತರ ಎರಡು ಪದ ಕೂಡಿಸಿ ಆಡದಿದ್ದರೆ, ಬರುತ್ತಿದ್ದ ಪದಗಳೇ ನಿಂತುಹೋದರೆ, ಮೂರು ವರ್ಷವಾದರೂ ಮನೆಯವರಿಗೇ ಮಗುವಿನ ಮಾತು ತಿಳಿಯದಿದ್ದರೆ ಇನ್ನಷ್ಟು ಸರಣಿ ಹುಡುಕುತ್ತಾ ಕೂರಬೇಡಿ. ಮಕ್ಕಳ ಡಾಕ್ಟರನ್ನು ಕಾಣಿ, ಅವರು ಬೇಕಾದರೆ ವಾಕ್ ಚಿಕಿತ್ಸಕರ ಹತ್ತಿರ ಕಳಿಸುತ್ತಾರೆ. ಹೋಗುವಾಗ ಮಗು ಮನೆಯಲ್ಲಿ ಮಾಮೂಲಿಯಾಗಿ ಆಡುವ ಮಾತನ್ನು ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಎಷ್ಟೋ ಮಕ್ಕಳು ಬಾಯಿಯೇ ಬಿಡುವುದಿಲ್ಲ.